ಬಿಯರ್ ಬಾಟಲಿಗೆ ಹಿಂಗಿನ ಹೊಗೆ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಉಳಿದವರನ್ನೆಲ್ಲ ಆರಾಮಾಗಿ ಆಡಿಕೊಳ್ಳಬಹುದು. ಬಾಟಲಿ ತೊಳೆಯುವುದು ನನ್ನ ಕೆಲಸವಾಗಿತ್ತು. ನಾನು ಅದನ್ನು ಅಮ್ಮನ ತಲೆಗೆ ಕಟ್ಟಿದೆ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಿಯರ್ ಮಾಡುವವನು ನನ್ನ ರೂಮ್‌ಮೇಟು, ಹಾಸನದವನು. ಬಕೆಟ್ಟಿನಲ್ಲಿ ಬಾರ್ಲಿಯ ರಸ ಹುದುಗುತ್ತಿದ್ದರೆ ಆಗಾಗ ಹೋಗಿ ಕಿವಿಯಿಟ್ಟು, "ಬುಳುಬುಳು ಅಂತಿದೆ ಕಣೋ" ಎಂದು ಬಾಣಂತಿ ಕೋಣೆಯಿಂದ ಹೊರಬಂದವನ ಹಾಗೆ ಪಿಸುಗುಟ್ಟುತ್ತಿದ್ದ. ಈ ಸಲ ಬಿಯರಿನ ಜೊತೆ ಅವನ ಮದುವೆಯೂ ಬಕೆಟ್ಟಿನಲ್ಲೇ ಇತ್ತು. ಮನೆಯವರು ತೋರಿಸಿದ ಹುಡುಗಿ ಮಂಡ್ಯ ಕಡೆಯವಳು, ಸಾಂಟಾ ಕ್ಲಾರಾದಲ್ಲಿ ಚಿಪ್ ಡಿಸೈನ್ ಮಾಡುವವಳು. ಕಾಫಿ ಕುಡಿಯುತ್ತ ಇವನು ಕೊರೆದ ಬಿಯರ್ ಪುರಾಣವನ್ನೆಲ್ಲ ಕೇಳಿಸಿಕೊಂಡು, "ಒಂದಿನ ಬಂದು ಕುಡಿದು ನೋಡ್ತೀನಿ. ಹೂಂ ಅಥವಾ ಉಹೂಂ ಅವತ್ತೇ ಹೇಳ್ಬಿಡ್ತೀನಿ" ಎಂದಿದ್ದಳಂತೆ.

ಅಂಗಡಿ ಬಿಯರಿನ ಖಾಲಿ ಬಾಟಲಿಗೇ ತುಂಬಿ ಹೊಸ ಮುಚ್ಚಳ ಒತ್ತುವುದು ಅವನ ಪದ್ಧತಿ. ಖಾಲಿ ಬಾಟಲಿ ತರುವವನು ನಾನು. ಅವನ ಉಪದೇಶವನ್ನು ಮೂಗಿನ ಸ್ವರದ ಸಮೇತ ಈಗಲೂ ಮಾಡಿ ತೋರಿಸಬಲ್ಲೆ: "ತಿರುವಿ ತೆಗೆಯೋದು ತರಬೇಡ ಕಣೋ, ಓಪನರಲ್ಲಿ ಎತ್ತೋದೇ ಬೇಕು. ಬಾಯಲ್ಲಿ ತಿರುಪಿನ ಗೆರೆ ಇತ್ತೋ, ಮುಚ್ಚಳ ಸರಿಯಾಗಿ ಕೂರಲ್ಲ, ಗ್ಯಾಸೆಲ್ಲ ಹೊರಟೋಗುತ್ತೆ."

ಹೀಗಾಗಿ ಒಂದು ಬೆಳಿಗ್ಗೆ ನಾನು ಕಾಂಪ್ಲೆಕ್ಸಿನ ರೀಸೈಕ್ಲಿಂಗ್ ಡಬ್ಬದೊಳಗೆ ಸೊಂಟದವರೆಗೆ ಇಳಿದು ಬಾಟಲಿಗಳ ಕತ್ತು ಸವರುತ್ತಿದ್ದೆ. ಹಿಂದೆ ವಾಕಿಂಗ್ ಹೊರಟ ಅಂಕಲ್ ಒಬ್ಬರು, ಮಂಕಿ ಕ್ಯಾಪಿನೊಳಗಿಂದ, ಬಹಳ ಮೃದುವಾಗಿ ಕೇಳಿದರು: "ಲೇಆಫಾ ಮಗಾ?"

"ಅಯ್ಯೋ, ಇಲ್ಲ ಅಂಕಲ್, ಇದು ಸುಮ್ನೆ..."

"ಇರ್ಲಿ, ಇರ್ಲಿ. ಸಂಕೋಚ ಬೇಡ. ರೆಸ್ಯೂಮೆ ಕಳ್ಸು, ನನ್ನ ಮಗನಿಗೆ ಹೇಳ್ತೀನಿ."

ಇಷ್ಟು ಮರ್ಯಾದೆ ಕಳೆದುಕೊಂಡು ತಂದ ಬಾಟಲಿಗಳನ್ನು ತೊಳೆಯುವ ಉತ್ಸಾಹ ಯಾರಿಗಿರುತ್ತದೆ? ಆಗ ಮೈಸೂರಿಂದ ಅಮ್ಮ ಬಂದಿದ್ದಳು. ಆಫೀಸಿಗೆ ಹೊರಡುತ್ತ ಗೋಗರೆದೆ: "ಅಮ್ಮಾ, ಇವನ್ನ ಸ್ವಲ್ಪ ತೊಳೆದಿಡ್ತೀಯಾ? ಅವನು ಎಂಥದೋ ಜ್ಯೂಸು ತುಂಬಿಸಿಡ್ತಾನಂತೆ."

"ಎಷ್ಟು ದಿನ ಇಡೋದು?"

"ಎರಡು ಮೂರು ವಾರ."

"ಅಷ್ಟು ದಿನವಾ? ಹಾಗಾದ್ರೆ ಸರಿಯಾಗೇ ಮಾಡ್ಬೇಕು."

ಸಂಜೆ ಬಂದು ನೋಡಿದರೆ ಲೇಬಲ್ಲಿನ ಅಂಟು ಕೂಡ ಉಳಿದಿಲ್ಲ, ಬಾಟಲಿಗಳು ಮದುವೆಮನೆ ಲೋಟಗಳ ಹಾಗೆ ಫಳಫಳ. ಆದರೆ ಮನೆ ತುಂಬ ಹಿಂಗು! ಉಪ್ಪಿನಕಾಯಿ ಜಾಡಿಗೆ ಬೂಷ್ಟು ಬರದಿರಲಿ ಎಂದು ಹಿಂಗಿನ ಹೊಗೆ ಹಿಡಿಸುತ್ತಾರಲ್ಲ, ಅಮ್ಮ ಒಂದೊಂದೇ ಬಾಟಲಿಗೂ ಅದೇ ಉಪಚಾರ ಮಾಡಿದ್ದಳು.

"ಕೆಂಡ ಎಲ್ಲಿದೆ ನಿಮ್ಮನೇಲಿ? ಕರೆಂಟ್ ಒಲೆ ಮೇಲೆ ಹಂಚು ಇಟ್ಟು ಹಿಂಗು ಸುಟ್ಟೆ. ಆ ಸೂರಲ್ಲಿರೋ ಡಬ್ಬಿ ಕೀಂಕೀಂ ಅಂತ ಬಾಯಿ ಬಡ್ಕೊಳ್ತು. ಬಡ್ಕೋ ಅಂದೆ."

ಕದ್ದು ಒಮ್ಮೆ ತೊಳೆದೆ, ಮತ್ತೊಮ್ಮೆ ತೊಳೆದೆ. ಕಿರಿದಾದ ಕತ್ತಿನೊಳಗೆ ಹೊಕ್ಕ ಹಿಂಗು ಬಿಡಾರ ಹೂಡಿಬಿಟ್ಟಿತ್ತು. ಹೇಳಿದರೆ ಮತ್ತೆ ಡಬ್ಬ, ಮತ್ತೆ ಅಂಕಲ್. ಬಾಯಿ ಮುಚ್ಚಿಕೊಂಡೆ. ರೂಮ್‌ಮೇಟಿಗೆ ಪೋಲನ್ ಅಲರ್ಜಿ, ಆ ವಾರ ಮೂಗು ಪೂರ್ತಿ ಬಂದ್. ಸ್ಯಾನಿಟೈಸರ್ ಆಡಿಸಿ, ಬಿಯರ್ ತುಂಬಿ, ಮುಚ್ಚಳ ಒತ್ತಿ, ಬಾಟಲಿಗಳನ್ನು ಬಟ್ಟೆ ಕ್ಲಾಸೆಟ್ಟಿನೊಳಗೆ ಮಗು ಮಲಗಿಸುವಷ್ಟು ಮೆತ್ತಗೆ ಇಟ್ಟ. ಅಮ್ಮ ಊರಿಗೆ ಹೊರಟುಹೋದಳು. ನಾನು ಹಿಂಗನ್ನು ಮರೆಯಲು ಶಕ್ತಿ ಮೀರಿ ಪ್ರಯತ್ನಿಸಿದೆ.

ಹುಡುಗಿ ಬಂದ ದಿನ ಅವನ ಶರಟಿಗೆ ಇಸ್ತ್ರಿಯಾಗಿತ್ತು, ಮೂಗೂ ತೆರೆದಿತ್ತು. ಮುಚ್ಚಳ ಎತ್ತಿದರೆ 'ಚುಸ್ಸ್', ಗ್ಯಾಸು ಪಕ್ಕಾ. ನೊರೆ ಲೋಟದಂಚಿಗೆ ಬಂದು ನಿಂತಿತು. ಹಿಂದೆಯೇ ಎದ್ದು ಬಂತು ನೋಡಿ, ಯಾರದೋ ಮನೆಯ ತಿಳಿಸಾರಿನ ಒಗ್ಗರಣೆ.

ಅವನ ಮುಖ ಇಳಿದುಹೋಯಿತು. "ಸಾರಿ ರೀ. ಹುದುಗಿಸೋವಾಗ ಎಲ್ಲೋ ಕೆಡಿಸಿಬಿಟ್ಟಿದೀನಿ. ನನ್ನ ಕೈಲಿ ಇದೆಲ್ಲ ಆಗಲ್ಲ ಅನ್ಸುತ್ತೆ. ಕುಡೀಬೇಡಿ" ಎಂದು ಲೋಟ ವಾಪಸು ತೆಗೆದುಕೊಳ್ಳಲು ಕೈಚಾಚಿದ. ಆ ಚಾಚಿದ ಕೈ ನೋಡಿ ನನಗೆ ತಡೆಯಲಾಗಲಿಲ್ಲ.

ನೆಟ್ಟಗೆ ಹೇಳುವ ಅಭ್ಯಾಸ ನನಗಿಲ್ಲ. ಡಬ್ಬದೊಳಗಿನ ನಾನು, ಮಂಕಿ ಕ್ಯಾಪಿನ ಅಂಕಲ್, ಹಂಚಿನ ಮುಂದೆ ಅಮ್ಮ, ಸೂರಿನ ಹೊಗೆ ಅಲಾರಮ್ಮು, ಕೊನೆಗೆ ಬಾಟಲಿ ಮೂಸಿ ಸುಮ್ಮನಾದ ನಾನು, ಇಷ್ಟೂ ವೇಷ ಕಟ್ಟಿ ವಿಷಯ ಒಪ್ಪಿಸಿದೆ. ರೂಮ್‌ಮೇಟು ನನ್ನನ್ನು ಕೊಲ್ಲುವ ಹಾಗೆ ನೋಡಿದ. ಹುಡುಗಿ ಮಾತ್ರ ಕೊನೆಯವರೆಗೂ ನಗಲಿಲ್ಲ.

ಲೋಟ ಎತ್ತಿ ಒಂದು ಗುಟುಕು ಕುಡಿದಳು. ಬಾಯೊಳಗೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. ಆಮೇಲೆ ಅವನ ಕಡೆ ತಿರುಗಿ ಹೇಳಿದಳು:

"ನೀವು ಮಾಡಿರೋದ್ರಲ್ಲಿ ಏನೂ ತಪ್ಪಿಲ್ಲ. ನಂದು ಹೂಂ. ಆದ್ರೆ ನಾನು ಈ ಮನೆಗೆ ಬರೋದ್ರೊಳಗೆ ಇವರು ಜಾಗ ಖಾಲಿ ಮಾಡಿರ್ಬೇಕು."