ಖಮಣ್ ಅಂಗಡಿಯ ನೀಲಿ ಬೋರ್ಡು

ಧಾರವಾಡದಿಂದ ಅಹಮದಾಬಾದಿಗೆ ವರ್ಗವಾಗಿ ಬಂದಾಗ ಬ್ಯಾಂಕಿನಲ್ಲಿ ನನ್ನ ಪಾಲಿಗೆ ಬಂದದ್ದು ಸಾಲದ ಟೇಬಲ್ಲು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ದಲಿತರು ಸ್ವಂತ ಉದ್ಯಮ ಹೂಡಲಿ ಎಂದು ಸರ್ಕಾರದ ಸಬ್ಸಿಡಿ ಯೋಜನೆಯೊಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಗಳು ನಾವೇ.

ಒಬ್ಬ ಹೆಣ್ಣುಮಗಳು ಮಾತ್ರ ಪಟ್ಟು ಬಿಡದೆ ಓಡಾಡಿ ಸಾಲ ಮಂಜೂರು ಮಾಡಿಸಿಕೊಂಡಳು. ನವರಂಗಪುರದಲ್ಲಿ, ನಮ್ಮ ಶಾಖೆಯ ಹಿಂದಿನ ಗಲ್ಲಿಯಲ್ಲೇ, ಖಮಣ್ ಅಂಗಡಿ ತೆರೆದಳು. ಹಬೆಯಲ್ಲಿ ಬೆಂದ ಕಡಲೆಹಿಟ್ಟಿನ ಆ ಹಳದಿ ತುಂಡುಗಳ ಮೇಲೆ ಸಾಸಿವೆ ಒಗ್ಗರಣೆ ಸುರಿದಳೆಂದರೆ ಗಲ್ಲಿಯೆಲ್ಲ ಘಮ್ಮೆನ್ನುತ್ತಿತ್ತು. ಪ್ರತಿ ಶನಿವಾರ ಶಾಖೆಯವರಿಗೆಲ್ಲ ತಿಂಡಿ ಅಲ್ಲಿಂದಲೇ ಬರುತ್ತಿತ್ತು. ನಾನಂತೂ ದಿನಾ ಸಂಜೆ ಹಾಜರ್. ಊರಲ್ಲಿ ಅಕ್ಕಾರ ಅನ್ನುವ ಹಾಗೆ ಇಲ್ಲಿ ‘ಬೆನ್’ ಅನ್ನಬೇಕು. ಚಟ್ನಿ ಜಾಸ್ತಿ ಕೇಳಿದರೆ, “ಇದು ನಿಮ್ಮ ಇಡ್ಲಿ ಅಲ್ಲ ಸಾಹೇಬ್” ಎಂದು ಕಾಲೆಳೆಯುತ್ತಿದ್ದಳು.

ಯೋಜನೆಯ ಸಾಲ ಪಡೆದ ಅಂಗಡಿಯ ಮುಂದೆ ಯೋಜನೆಯ ಹೆಸರಿನ ಬೋರ್ಡು ಹಾಕಿಸುವುದು ನಮ್ಮ ಶಾಖೆಯ ಪದ್ಧತಿ. ಹೆಸರಿನಲ್ಲೇ ‘ಪರಿಶಿಷ್ಟ ಜಾತಿ’ ಎಂದಿತ್ತು. ಆಕೆ ಕೈಮುಗಿದಳು.

“ಒಳಗಿನ ಗೋಡೆ ಮೇಲೆ ಎಷ್ಟು ದೊಡ್ಡದಾಗಿ ಬೇಕಾದ್ರೂ ಬರೀರಿ. ಹೊರಗೆ ಬೇಡ ಸಾಹೇಬ್. ನಾನು ಮಾರೋದು ಬಟ್ಟೆಯಲ್ಲ, ತಿನ್ನೋ ಪದಾರ್ಥ. ಜನ ಬರೋದು ನಿಂತರೆ ಅಂಗಡಿ ಮುಚ್ಚಬೇಕು.”

ಮ್ಯಾನೇಜರಿಗೆ ಹೇಳಿದೆ. ಕೆಟ್ಟ ಮನುಷ್ಯನಲ್ಲ, ಅದೇ ದೊಡ್ಡ ತಾಪತ್ರಯ. “ಇದರಲ್ಲಿ ನಾಚಿಕೆ ಏನು? ಹೆಮ್ಮೆಪಡಬೇಕು. ಮೇಲಿನವರು ಬಂದಾಗ ನಮ್ಮ ಕೆಲಸ ಕಾಣಬೇಡವೇ?” ಎಂದರು. ಆ ವಾರವೇ ಬಾಗಿಲ ಮೇಲೆ ನೀಲಿ ಬೋರ್ಡು ಏರಿತು.

ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಕಾಲೇಜು ಹುಡುಗರು ಬರುತ್ತಲೇ ಇದ್ದರು. ಮನೆಗೆ ಕಟ್ಟಿಸಿಕೊಂಡು ಹೋಗುತ್ತಿದ್ದವರು ಮಾತ್ರ ಗಲ್ಲಿಯ ಆಚೆ ಬದಿಯಿಂದ ನಡೆಯತೊಡಗಿದರು. ಶನಿವಾರ ಬಂತು. ಶಾಖೆಯ ಮೇಜಿನ ಮೇಲೆ ಬೇರೆ ಯಾವುದೋ ಅಂಗಡಿಯ ಪೊಟ್ಟಣ! ಇದೇಕೆ ಎಂದು ಪ್ಯೂನನನ್ನು ಕೇಳಿದೆ.

“ಯಾವಾಗಲೂ ಒಂದೇ ರುಚಿ ಬೇಜಾರಲ್ಲವೇ?” ಎನ್ನುತ್ತ ಮ್ಯಾನೇಜರು ಒಂದು ತುಂಡು ಬಾಯಿಗೆ ಹಾಕಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಮ್ಮೆಯ ಮಾತಾಡಿದ್ದ ಬಾಯಿ ಅದೇ ತಾನೆ?

ಸಂಜೆ ಅಂಗಡಿಗೆ ಹೋದೆ. ತಟ್ಟೆಯ ತುಂಬ ಖಮಣ್ ಹಾಗೇ ಉಳಿದಿತ್ತು.

“ಬೆನ್, ಆದದ್ದಾಗಲಿ, ನಾಳೆಯೇ ಬೋರ್ಡು ತೆಗೆಸುತ್ತೇನೆ” ಎಂದೆ.

“ಈಗ ತೆಗೆದರೇನು ಬಂತು? ಓದೋರು ಓದಿ ಆಯ್ತು” ಎಂದಳು.

ನಾಲ್ಕು ತುಂಡು ಕತ್ತರಿಸಿ ನನ್ನ ಕೈಗೆ ಕೊಟ್ಟಳು. ದಿನಾ ಕೊಟ್ಟ ಕೂಡಲೇ ತನ್ನ ಕೆಲಸಕ್ಕೆ ತಿರುಗುತ್ತಿದ್ದವಳು ಅಂದು ತಿರುಗಲಿಲ್ಲ. ಚಟ್ನಿಯ ತಮಾಷೆಯೂ ಇಲ್ಲ. ನಾನು ಒಂದು ತುಂಡು ಬಾಯಿಗಿಟ್ಟು ನುಂಗುವ ತನಕ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.