ಹಲಗೆಗೆ ಹೇರ್ ಡ್ರೈಯರ್

ತೀರಿಕೊಂಡ ತಮ್ಮನ ಹಲಗೆ ವಾದ್ಯವನ್ನು ಊರಿಗೆ ಒಯ್ಯಲೆಂದು ಮಣಿಪಾಲದ ಫ್ಲ್ಯಾಟೊಂದರ ನೆಲಮಾಳಿಗೆಗೆ ಹೋಗಿದ್ದೆ. ಗಾರೆ ಕೆಲಸ ಮುಗಿಸಿ ಅವನು ಅಲ್ಲಿ ಕಾಲೇಜು ಹುಡುಗರ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ. ಕೂಲಿಯವರನ್ನು ಲಿಫ್ಟಿಗೆ ಹತ್ತಿಸದ ಅದೇ ಫ್ಲ್ಯಾಟಿನವರನ್ನು ಅಣಕಿಸುವ ಹಾಡುಗಳು ಅವರವು. ಹುಡುಗರ ಒತ್ತಾಯಕ್ಕೆ ನಾನೂ ಒಮ್ಮೆ ಬಾರಿಸಿದೆ. ಮಳೆಯ ತೇವಕ್ಕೆ ಚರ್ಮ ಸಡಿಲವಾಗಿತ್ತು. ಕಾಯಿಸಿ ಬಿಗಿ ಮಾಡಲು ಅಲ್ಲಿ ಬೆಂಕಿ ಹಾಕುವಂತಿರಲಿಲ್ಲ.

ಸದ್ದು ಕೇಳಿ ಮೇಲಿನ ಮನೆಯ ಅಮ್ಮ ಇಳಿದು ಬಂದರು. ಬೈಯುತ್ತಾರೆಂದುಕೊಂಡರೆ, ಅವರ ಕೈಯಲ್ಲಿ ಹೇರ್ ಡ್ರೈಯರ್!

"ಇದರಲ್ಲಿ ಬಿಸಿ ಮಾಡಿ ಮಾರಾಯ್ರೆ. ನಿಮ್ಮ ತಮ್ಮನಿಗೆ ದಿನಾ ಬೈದುಕೊಂಡೇ ಕೊಡ್ತಿದ್ದೆ. ಈಗ ಬೈಲಿಕ್ಕೆ ಯಾರುಂಟು?"

ಹಲಗೆಯನ್ನು ಊರಿಗೆ ಒಯ್ಯಲಿಲ್ಲ. ಅದು ಆ ಅಮ್ಮನ ಮನೆಯಲ್ಲೇ ಇದೆ. ಪ್ರತಿ ಭಾನುವಾರ ಹುಡುಗರ ಜೊತೆ ಬಾರಿಸಲು ಬಂದಾಗ, ಅದನ್ನು ತರಲು ಲಿಫ್ಟಿನಲ್ಲೇ ಹೋಗುತ್ತೇನೆ. ಮೆಟ್ಟಿಲು ಹತ್ತಿ ಹೋದರೆ ಆ ಅಮ್ಮ ಬೈಯುತ್ತಾರೆ.