ಮಲ್‌ಸುನ್ ಉಣ್ಣದ ಸಾರು

ಒಕ್ಚನ್ ಸಂತೆಬೀದಿಯಲ್ಲಿ ಮಲ್‌ಸುನ್‌ಳ ಕೋಳಿಸಾರಿನ ಅಂಗಡಿ ಗೊತ್ತಿಲ್ಲದವರಿಲ್ಲ. ಓತ್ ಮರದ ಚಕ್ಕೆ ಹಾಕಿ ಕುದಿಸಿದ ಸಾರು. ಆ ಮರದ ಸೊನೆ ಕೆಲವರಿಗೆ ಮೈಯೆಲ್ಲ ದದ್ದು ಏಳಿಸುತ್ತದೆ. ಒಗ್ಗಿದವರಿಗೆ ಕೀಲಿನ ಬಾವು ಇಳಿಸುತ್ತದೆ ಎಂದು ಊರಿನ ನಂಬಿಕೆ.

"ಒಂದು ಬಟ್ಟಲು ಕುಡೀರಿ, ಮಂಡಿ ಬಾವು ಹೇಳದೆ ಕೇಳದೆ ಓಡಿಹೋಗತ್ತೆ!" ಎಂದು ಅವಳೇ ಕುಂಟುತ್ತ ಬಡಿಸುತ್ತಾಳೆ.

"ನಿಮ್ಮ ಮಂಡಿಗೆ ಯಾರೂ ಹೇಳ್ಲಿಲ್ವಾ, ಚಿಕ್ಕಮ್ಮ?" ಎಂದು ಬಡಗಿ ಮುದುಕ ಕೆಣಕುತ್ತಾನೆ.

"ದಿನಾ ಕುಡಿಯೋದಕ್ಕೇ ಇಷ್ಟಾದ್ರೂ ನಡೀತಿದೀನಿ. ಬಾಯ್ ಮುಚ್ಕೊಂಡು ಉಣ್ಣಪ್ಪ!"

ಅದು ಹಸಿ ಸುಳ್ಳು. ಹೊಸ ಸೊಸೆಯಾಗಿದ್ದಾಗ ಒಂದೇ ಚಮಚಕ್ಕೆ ಅವಳ ಮುಖ ಕಣ್ಣು ಮುಚ್ಚುವಷ್ಟು ಊದಿತ್ತು. ಅಂದಿನಿಂದ ಕೈಗವಸು ತೊಟ್ಟೇ ಅಡುಗೆ. ರುಚಿ ನೋಡುವುದು ಮೊದಲು ಗಂಡನ ಕೆಲಸವಾಗಿತ್ತು, ಅವನು ತೀರಿಕೊಂಡ ಮೇಲೆ ಮಗಳು ಸೊದಮ್‌ಳದು. ಮಾಡುವವಳೇ ಉಣ್ಣದ ಸಾರೆಂದರೆ ಯಾರು ಬಂದಾರು? ಗುಟ್ಟು ಮುಚ್ಚಲು ಬಡಾಯಿ ಬೆಳೆಸಿ, "ಓತ್ ತಡ್ಕೊಳ್ಳದವನಿಗೆ ಮಗಳನ್ನ ಕೊಡಲ್ಲ" ಎಂದು ಊರ ಮುಂದೆ ಸಾರಿಬಿಟ್ಟಿದ್ದಳು.

ಈಗ ಸೊದಮ್‌ಳನ್ನು ಕೇಳಲು ಹುಡುಗ ಬಂದಿದ್ದ. ಹೆಸರು ಗಿಜುನ್, ಗಿಡಮೂಲಿಕೆಯ ಪ್ರಯೋಗಾಲಯದಲ್ಲಿ ಕೆಲಸ. ಓತ್ ಚಕ್ಕೆಯಿಂದ ದದ್ದು ಏಳಿಸುವ ಅಂಶ ತೆಗೆದು, ಬಾವು ಇಳಿಸುವ ಅಂಶವನ್ನಷ್ಟೇ ಉಳಿಸುವ ಔಷಧಿ ಮಾಡುತ್ತಿದ್ದಾರಂತೆ. ಅಳಿಯನಾಗುವವನಿಗೆ ಕಾವಿಗೆ ಇಟ್ಟುಕೊಂಡ ಕೋಳಿಯನ್ನೂ ಕೊಯ್ಯಬೇಕು, ಅದು ರೂಢಿ. ಕೊಯ್ದು, ಓತ್ ಸಾರು ಮಾಡಿ ಮುಂದಿಟ್ಟಳು. ಅಂಗಡಿಯಲ್ಲಿದ್ದವರ ಕಣ್ಣೆಲ್ಲ ಅವನ ಚಮಚದ ಮೇಲೆ.

ಗಿಜುನ್ ಚಮಚ ಎತ್ತಿದ. ಅಂಗಿಯ ತೋಳು ಸರಿದಾಗ ಮಣಿಕಟ್ಟಿನ ಮೇಲೆ ಕೆಂಪು ದದ್ದುಗಳು ಕಂಡವು. ಅವು ಮಲ್‌ಸುನ್‌ಗೆ ಗೊತ್ತಿಲ್ಲದ ದದ್ದುಗಳೇ?

"ಇಡೋ ಕೆಳಗೆ!" ಎಂದು ಕೈಗೊಂದು ಬಿಟ್ಟಳು. ಚಮಚ ಕಿಮ್ಚಿ ಉಪ್ಪಿನಕಾಯಿಯ ತಟ್ಟೆಗೆ ಹಾರಿತು.

"ಅಲರ್ಜಿ ಮಾತ್ರೆ ನುಂಗೇ ಬಂದಿದೀನಿ, ಅಮ್ಮ. ಊದಿದ್ರೂ ನಾಳೆಗೆ ಇಳಿಯತ್ತೆ."

"ಇಳಿಯಲ್ಲ ಕಣೋ! ನಂಗೆ ಹದಿನೈದು ದಿನ ಇಳೀಲಿಲ್ಲ!"

ಎಲ್ಲರೂ ಅವನನ್ನು ಬಿಟ್ಟು ಅವಳತ್ತ ತಿರುಗಿದರು. ಆಡಿದ ಮಾತು ಹಿಂದಕ್ಕೆ ಬರುವುದೇ? ಇಷ್ಟು ವರ್ಷದ ಹೆಸರು ಒಂದೇ ಮಾತಿಗೆ ಹೋಯಿತಲ್ಲ ಎಂದು ಅವಳಿಗೆ ಅಳುವೇ ಬಂತು.

ಬಡಗಿ ಮುದುಕ ಬಟ್ಟಲು ಮುಂದೆ ತಳ್ಳಿದ. "ಅಂತೂ ಬಾಯಿಬಿಟ್ರಲ್ಲ ಚಿಕ್ಕಮ್ಮ! ಸಾರಿಗೆ ಉಪ್ಪು ಹಾಕಿ ಮಗಳ ಮುಖ ನೋಡೋದನ್ನ ನಾವು ಕಂಡಿಲ್ವಾ? ಇನ್ನೊಂದು ಸೌಟು ಹಾಕಿ."

ಎಲ್ಲರೂ ಹೋ ಎಂದು ನಕ್ಕರು. ಮಲ್‌ಸುನ್ ಕಣ್ಣೊರೆಸಿಕೊಂಡು ಒಳಗೆ ಹೋಗಿ ಬರೀ ಬೆಳ್ಳುಳ್ಳಿ ಹಾಕಿದ ಸಾರು ಕಾಯಿಸಿ ತಂದಳು. ಅತ್ತೆ ಅಳಿಯ ಎದುರುಬದುರು ಕೂತು ಉಂಡರು.

"ನಿನ್ನ ಔಷಧಿ ಯಾವಾಗ ಆಗತ್ತಪ್ಪ?"

"ಇನ್ನೂ ಮೂರು ವರ್ಷ ಬೇಕಾಗಬಹುದು, ಅಮ್ಮ."

"ಹಾಗಾದ್ರೆ ಮೊದಲು ಮದುವೆ ಆಗ್ಲಿ," ಎಂದಳು ಮಲ್‌ಸುನ್. "ಮಂಡಿ ಕಾಯತ್ತೆ."